ಒಂದೇ ನಾಜಲ್ ಸಾಕು ಎಂದವನ ಮಾಳಿಗೆ

ಹದಿನಾಲ್ಕು ಸಾವಿರದ ಐದುನೂರು ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಬೀದರಿನಲ್ಲಿ ಯಾರ ಕೈಯಲ್ಲಿ ಏನು ಕಂಡರೂ ಜನ ಮೊದಲು ಬೆಲೆ ಕೇಳುತ್ತಾರೆ, ವಸ್ತು ಏನೆಂದು ಆಮೇಲೆ ಕೇಳುತ್ತಾರೆ. ಮಾಲೀಕ ಹೇಳಿದ್ದು ಇಪ್ಪತ್ತೆರಡು ಸಾವಿರ, ನಾನು ಕೊಟ್ಟದ್ದು ಹದಿನಾಲ್ಕೂವರೆ. ವಸ್ತು ಏನೆಂದರೆ, ಪೆಟ್ರೋಲ್ ಕುಡಿದು ನೀರನ್ನು ಬಂದೂಕಿನಂತೆ ಹೊಡೆಯುವ, ಲಾರಿ ಟ್ರ್ಯಾಕ್ಟರು ತೊಳೆಯುವ ಮಷಿನ್. ಕೊಂಡ ಕಾರಣ, ನನ್ನ ಮನೆಯ ಮಾಳಿಗೆ ತೊಳೆಯಬೇಕಿತ್ತು.

ಮಾಳಿಗೆ ತೊಳೆಯಲು ಎರಡು ಪೊರಕೆ ಸಾಕು ಎಂದು ನನ್ನ ಹೆಂಡತಿ ಸುನಂದಾ ಹೇಳಿದ್ದಳು. ಆ ಮಾತನ್ನು ಅವಳು ಈಗಲೂ ವಾರಕ್ಕೊಮ್ಮೆ ಹೇಳುತ್ತಾಳೆ. ಆದ್ದರಿಂದ ನಾನು ಇಲ್ಲಿ ವಿಸ್ತರಿಸುವುದಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಔರಾದ್ ಕಡೆಯವನು. ಬೀದರಿಗೆ ಬಂದಾಗ ಕೈಯಲ್ಲಿ ಒಂದು ಚೀಲ, ಬಾಯಲ್ಲಿ ಚೌಕಾಸಿ. ಈಗ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆ, ಗಾಜು ಕೊಂಡು ಮಾರುವ ಅಂಗಡಿ ಇದೆ. ಓಣಿಯಲ್ಲಿ ಯಾರು ಫ್ರಿಜ್ ಕೊಳ್ಳಲಿ, ಹೋರಿ ಕೊಳ್ಳಲಿ, ಮಗಳ ಮದುವೆಗೆ ಶಾಮಿಯಾನ ಗೊತ್ತು ಮಾಡಲಿ, ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಕರೆಯದಿದ್ದರೂ ನಾನು ಹೋಗುತ್ತೇನೆ. ನನ್ನ ಸೂತ್ರ ಒಂದೇ: ಯಾವ ವಸ್ತುವಿನಲ್ಲೂ ಬೇಡದ್ದು ಏನೋ ಇರುತ್ತದೆ, ಅದನ್ನು ತೆಗೆಸು, ಬೆಲೆ ಇಳಿಸು.

ಈಗಿರುವ ಮನೆಯನ್ನೂ ಹಾಗೆಯೇ ಕೊಂಡೆ. ಹಳೆಯ ಗಚ್ಚಿನ ಮಾಳಿಗೆಯ ಮನೆ, ಅಂದರೆ ಸುಣ್ಣದ ಗಾರೆ ಬಡಿದ ಚಪ್ಪಟೆ ಸೂರು. ನಡುಮನೆಗೆ ಕಿಟಕಿಯಿಲ್ಲ. ಬೆಳಕಿಗೆಂದು ಮಾಳಿಗೆಯಲ್ಲಿ ಮೊರದಗಲದ ಒಂದು ಬೆಳಕಿಂಡಿ ಬಿಟ್ಟಿದ್ದರು. "ಮನಿ ನೆತ್ತಿಗೇ ತೂತು ಅದಲ್ರಿ" ಎಂದು ಮಾರುವವನ ಮುಂದೆ ಲೊಚಗುಟ್ಟಿ ಬೆಲೆ ಇಳಿಸಿದೆ. ಕೊಂಡ ಮೇಲೆ ಎರಡು ಎಣ್ಣೆ ಡಬ್ಬಿಗಳನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ ತೂತಿನ ಮೇಲಿಟ್ಟು, ಅದರ ಮೇಲೆ ನಾಲ್ಕು ಬೆರಳು ಸುಣ್ಣದ ಗಾರೆ ಎಳೆಸಿದೆ. ಎದುರು ಮನೆಯ ಮೆಹಬೂಬ್ ಚಾಚಾ ಹಳೆಯ ಗೌಂಡಿ. ಬೀದರಿನ ಅರ್ಧ ಮಾಳಿಗೆಗಳಿಗೆ ಗಚ್ಚು ಬಡಿದ ಕೈ ಅವರದು. ಅವರು ಅಂದೇ ಹೇಳಿದ್ದರು.

"ಬೆಳಕಿಂಡಿ ಮುಚ್ಚಬಾರ್ದು, ಮಾಣಿಕಪ್ಪ. ಮುಚ್ಚೋದೇ ಆದ್ರ ಫರ್ಸಿಕಲ್ಲು ಹಾಕು. ಡಬ್ಬಿ ಎಷ್ಟು ದಿನ ತಡಿತದ?"

"ಚಾಚಾ, ಮ್ಯಾಲ ಯಾರು ಕುಣಿಲಿಕ್ಕ ಹೋಗ್ತಾರ?" ಎಂದಿದ್ದೆ.

ಯಾರು ಕುಣಿದರು ಎಂಬುದು ಮುಂದೆ ಬರುತ್ತದೆ.

ಆ ವರ್ಷಗಳು ಗೊತ್ತಲ್ಲ. ಮಳೆ ನಮ್ಮ ಜಿಲ್ಲೆಯ ದಾರಿಯನ್ನೇ ಮರೆತ ವರ್ಷಗಳು. ಓಣಿಗೆ ಟ್ಯಾಂಕರ್ ಬರುವುದು ಎಂಟು ದಿನಕ್ಕೊಮ್ಮೆ. ಹೆಂಗಸರು ನಾಲ್ಕು ದಿನ ಮೊದಲೇ ಖಾಲಿ ಕೊಡಗಳನ್ನು ಪಾಳಿಗಿಟ್ಟು, ಅವುಗಳ ಕೊರಳಿಗೆ ಹಗ್ಗ ಕಟ್ಟಿ ಮನೆಗೆ ಹೋಗುತ್ತಿದ್ದರು. ಹಳ್ಳಿಗಳಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳಲ್ಲಿ ಜನರಿಗಿಂತ ಹಾಸಿಗೆ ಸುರುಳಿಗಳೇ ಹೆಚ್ಚು.

ಸುನಂದಾಳ ಅಣ್ಣ ಬಂಡೆಪ್ಪ ಸಂತಪುರದವನು. ಕುರಿ ಮತ್ತು ಒಣಹೊಲ ಅವನ ಬದುಕು. ಮೇವಿಲ್ಲದೆ ಕುರಿಗಳನ್ನು ಮಾರಿ, ಹೆಂಡತಿಯೊಂದಿಗೆ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುವವನಿದ್ದ. ಅವನ ಮಗಳು ಜೈಶ್ರೀ ಒಂಬತ್ತನೇ ಇಯತ್ತೆ ಪಾಸಾಗಿದ್ದಳು. ಅವಳನ್ನು ನಮ್ಮಲ್ಲಿ ಬಿಡು, ಹತ್ತನೆಯದು ಬೀದರಿನಲ್ಲಿ ಓದಲಿ ಎಂದು ಸುನಂದಾ ಹಟ ಹಿಡಿದಿದ್ದಳು. ಬಂಡೆಪ್ಪನಿಗೆ ಮಾತು ಕಡಿಮೆ, ಮಾನ ಹೆಚ್ಚು.

"ನಿಮಗೇ ಕುಡಿಲಿಕ್ಕ ನೀರಿಲ್ಲ. ಅದರಾಗ ನಂದೊಂದು ಕೊಡ ಯಾಕ ಹೆಚ್ಚಿಗಿ ಇಡಬೇಕು? ಸಾಲಿ ಸುರು ಆದ ಮ್ಯಾಲ ಒಂದು ಐತವಾರ ಬರ್ತೇನಿ. ಟಾಕಿಯಾಗ ನೀರು ಕಂಡ್ರ ಬಿಟ್ಟು ಹೋಗ್ತೇನಿ. ಇಲ್ಲಾಂದ್ರ ನಮ್ಮ ಸಂಗಟ ಕರ್ಕೊಂಡು ಹೋಗ್ತೇನಿ" ಎಂದ.

ಹೀಗೆ ಒಬ್ಬ ಹುಡುಗಿಯ ಹತ್ತನೇ ಇಯತ್ತೆ ನಮ್ಮ ಅಂಗಳದ ನೀರಿನ ಟಾಕಿಯ ಮುಚ್ಚಳದ ಕೆಳಗೆ ಬಂದು ಕೂತಿತು.

ಸುನಂದಾ ಬಗದಲ್ ಊರಿನ ಸಾಲಿಯಲ್ಲಿ ಟೀಚರ್. ಲೆಕ್ಕದ ಟೀಚರ್. ಅವಳು ತನ್ನ ಪಗಾರದಲ್ಲಿ ಮಾಳಿಗೆಯಿಂದ ಟಾಕಿಗೆ ಒಂದು ಪೈಪು ಹಾಕಿಸಿದಳು. ಮೊದಲ ಮಳೆ ಬಂದರೆ ಮಾಳಿಗೆಯ ನೀರೆಲ್ಲ ಟಾಕಿಗೆ. ಆದರೆ ಮಾಳಿಗೆಯ ಮೇಲೆ ಹತ್ತು ವರ್ಷದ ಧೂಳು, ಅದರ ಮೇಲೆ ಕೋಟೆಯ ಪಾರಿವಾಳಗಳು ನಿತ್ಯ ತಪ್ಪದೆ ಸಲ್ಲಿಸಿದ ಕಾಣಿಕೆ.

"ಎರಡು ಪೊರಕಿ ತರ್ರಿ, ಇಬ್ಬರು ಹಮಾಲರಿಗೆ ಹೇಳ್ರಿ. ಒಣಾ ಒಣಾ ಉಜ್ಜಿ, ಬುಟ್ಟಿಯಾಗ ತುಂಬಿ ಕೆಳಗ ಇಳಸ್ಲಿ" ಎಂದಳು ಸುನಂದಾ.

ಇಷ್ಟು ಸರಳ ಕೆಲಸಕ್ಕೆ ನನ್ನಂಥ ಮನುಷ್ಯ ಯಾಕೆ ಬೇಕು? ನನ್ನ ಬುದ್ಧಿಗೆ ಅವಮಾನವಾಯಿತು.

ಅದೇ ವಾರ ಭಾಲ್ಕಿಗೆ ಹಳೆಯ ಬಾಗಿಲು ನೋಡಲು ಹೋದವನಿಗೆ ರಸ್ತೆ ಬದಿ ಒಂದು ಗಾಡಿ ತೊಳೆಯುವ ಅಂಗಡಿ ಕಂಡಿತು. ಬಾಗಿಲಲ್ಲಿ 'ಮಷಿನ್ ಮಾರಾಟಕ್ಕಿದೆ' ಎಂಬ ಹಲಗೆ. ಮಾರಾಟಕ್ಕಿದೆ ಎಂಬ ಅಕ್ಷರ ಕಂಡರೆ ನನ್ನ ಕಾಲು ತಾನೇ ನಿಲ್ಲುತ್ತದೆ.

"ಯಾಕ ಮಾರ್ಲತ್ತೀರಿ?" ಎಂದೆ.

"ನೀರಿಲ್ರಿ" ಎಂದ ಮಾಲೀಕ. "ಎರಡು ತಿಂಗಳಾತು, ಬೋಣಿ ಇಲ್ಲ."

ಇಲ್ಲಿ ಓದುಗರು ಒಂದು ಗಳಿಗೆ ನಿಲ್ಲಬೇಕು. ನೀರಿಲ್ಲದ್ದಕ್ಕೆ ಒಬ್ಬ ಮನುಷ್ಯ ನೀರಿನ ಮಷಿನ್ ಮಾರುತ್ತಿದ್ದಾನೆ. ಅವನಷ್ಟೇ ನೀರಿಲ್ಲದ ಇನ್ನೊಬ್ಬ ಮನುಷ್ಯ ಅದನ್ನು ಕೊಳ್ಳಲು ನಿಂತಿದ್ದಾನೆ. ಆದರೆ ನನ್ನ ಕಿವಿಗೆ ಬಿದ್ದದ್ದು 'ಬೋಣಿ ಇಲ್ಲ' ಎಂಬುದಷ್ಟೇ. ಎರಡು ತಿಂಗಳಿಂದ ಬೋಣಿಯಾಗದವನು ಮೊದಲ ಗಿರಾಕಿಯನ್ನು ಬರಿಗೈಲಿ ಕಳಿಸುವುದಿಲ್ಲ. ಬೇಟೆ ಸಿಕ್ಕಿತು ಎಂದುಕೊಂಡೆ.

ಅವನಲ್ಲಿ ಕರೆಂಟಿನದೊಂದು, ಪೆಟ್ರೋಲಿನದೊಂದು ಇತ್ತು. ಕರೆಂಟು ನಮ್ಮ ಕಡೆ ಬೀಗರಂತೆ, ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಹೇಳುವಂತಿಲ್ಲ. ಪೆಟ್ರೋಲಿನದೇ ಇರಲಿ ಎಂದೆ. ಇದರ ಒತ್ತಡ ಎರಡೂವರೆ ಸಾವಿರ ಪಿಎಸ್‌ಐ ಎಂದ. ನನಗೆ ಗೊತ್ತಿದ್ದ ಪಿಎಸ್‌ಐ ಠಾಣೆಯಲ್ಲಿ ಕೂರುವವನು ಒಬ್ಬನೇ. ಆ ಒಬ್ಬನ ಒತ್ತಡವೇ ಸಾಕಷ್ಟಿರುತ್ತದೆ. ತಲೆಯಾಡಿಸಿದೆ.

ಮಷಿನಿನ ಜೊತೆ ಬೆರಳುದ್ದದ ಐದು ನಾಜಲ್ ಇದ್ದವು. ಕೊಳವೆಯ ತುದಿಗೆ ಸಿಕ್ಕಿಸುವ ಮೂತಿಗಳು: ಕೆಂಪು, ಹಳದಿ, ಹಸಿರು, ಬಿಳಿ, ಕಪ್ಪು. ನನ್ನ ಸೂತ್ರ ಎದ್ದು ಕೂತಿತು.

"ಐದು ಯಾಕ್ರಿ? ನೀರು ಬರೋದು ಒಂದೇ ತೂತಿನಾಗಿಂದ ಅಲ್ಲ?"

"ಒಂದೊಂದು ಕೆಲಸಕ್ಕ ಒಂದೊಂದು ಅವ್ರಿ."

"ನಂದು ಒಂದೇ ಕೆಲಸ ಅದ. ಭಾಳ ಜೋರ್ ಹೊಡಿಯೋದು ಯಾವುದು?"

"ಕೆಂಪು. ಆದ್ರ ಅದು..."

"ಕೆಂಪುದೊಂದು ಇರ್ಲಿ. ಉಳಿದ ನಾಕು ತೆಗೀರಿ, ಎರಡು ಸಾವಿರ ಇಳಸ್ರಿ."

ಅವನು ನನ್ನ ಮುಖವನ್ನೇ ನೋಡಿದ. ನಾಲ್ಕು ನಾಜಲ್‌ಗಳನ್ನು ಒಂದೊಂದಾಗಿ ಮೇಜಿನ ಖಾನೆಗೆ ಹಾಕಿದ. ನೀರು ಸೋಸುವ ಜಾಲರಿಯನ್ನೂ ತೆಗೆಸಿದೆ, ಉದ್ದ ಕೊಳವೆಯನ್ನೂ ತೆಗೆಸಿದೆ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಚಕ್ರಗಳನ್ನೂ ತೆಗೆಸುತ್ತಿದ್ದೆನೇನೋ. ದುಡ್ಡೆಣಿಸಿ ಕೊಟ್ಟಾಗ ಅವನು ನೋಟನ್ನು ಕಣ್ಣಿಗೊತ್ತಿಕೊಂಡು ಖಾನೆ ಮುಚ್ಚಿದ. ಮುಚ್ಚುವಾಗ ಸಣ್ಣಗೆ ನಕ್ಕ. ಬೋಣಿಯ ಖುಷಿ ಎಂದು ತಿಳಿದೆ.

ಶುಕ್ರವಾರ ಬೆಳಿಗ್ಗೆ ಸುನಂದಾ ಬಗದಲ್ ಬಸ್ಸಿಗೆ ಹೋದಳು. ಐತವಾರ ಬಂಡೆಪ್ಪ ಬರುವವನು. ಜೈಶ್ರೀ ಮೊದಲೇ ಬಂದು, ಸಾಲಿಗೆ ಇನ್ನೂ ಹೆಸರು ಹಚ್ಚದೆ, ನಮ್ಮ ಮನೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ನಾನು ಇಬ್ಬರು ಹಮಾಲರನ್ನು ಕರೆಸಿ ಮಷಿನನ್ನು ಮಾಳಿಗೆಗೆ ಏರಿಸಿದೆ. ಅದೇ ಮಜೂರಿಗೆ ಅವರಿಬ್ಬರು ಇಡೀ ಮಾಳಿಗೆ ಗುಡಿಸುತ್ತಿದ್ದರು ಎಂಬ ವಿಚಾರ ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಅತ್ತ ನೋಡಲಿಲ್ಲ.

ನನ್ನ ಯೋಜನೆಯನ್ನು ಇಲ್ಲಿ ವಿವರಿಸಲೇಬೇಕು, ಏಕೆಂದರೆ ಕೇಳಲು ಬಹಳ ಚೆನ್ನಾಗಿದೆ. ಟಾಕಿಯಲ್ಲಿ ಬುಧವಾರದ ಟ್ಯಾಂಕರಿನ ನೀರು ಕಾಲುಭಾಗ ಇತ್ತು. ಅದನ್ನು ಮಾಳಿಗೆಯ ಡ್ರಮ್ಮಿಗೆ ಏರಿಸುವುದು. ಡ್ರಮ್ಮಿನಿಂದ ಮಷಿನ್ ಎಳೆದುಕೊಂಡು ತೊಳೆಯುವುದು. ತೊಳೆದ ನೀರು ಸುನಂದಾಳ ಪೈಪಿನಿಂದ ಮತ್ತೆ ಟಾಕಿಗೇ ಇಳಿಯುವುದು. ಪೈಪಿನ ಕೆಳಬಾಯಿಗೆ ಅವಳ ಹಳೆ ಸೀರೆಯನ್ನು ನಾಲ್ಕು ಪದರ ಕಟ್ಟಿದ್ದೆ, ಕೊಳೆ ಅಲ್ಲೇ ನಿಲ್ಲಬೇಕು, ನೀರು ಮಾತ್ರ ಇಳಿಯಬೇಕು. ಅಂದರೆ ಖರ್ಚು ಸೊನ್ನೆ. ಅದೇ ನೀರು ಹೋಗುತ್ತದೆ, ಅದೇ ನೀರು ಬರುತ್ತದೆ. ಲೆಕ್ಕದ ಟೀಚರಿಗೂ ಹೊಳೆಯದ ಲೆಕ್ಕ.

ಡ್ರಮ್ಮಿಗೆ ನೀರೇರಿಸಲು ಮೋಟರ್ ಹಚ್ಚಿದೆ. ಕರೆಂಟಿರಲಿಲ್ಲ. ಕರೆಂಟಿನ ಹಂಗೇ ಬೇಡವೆಂದು ಕೊಂಡ ಮಷಿನ್ ಮಾಳಿಗೆಯ ಬಿಸಿಲಿನಲ್ಲಿ ಕರೆಂಟಿಗಾಗಿ ಎರಡು ತಾಸು ಕಾದು ಕೂತಿತು. ಪಕ್ಕದಲ್ಲಿ ನಾನು.

ಕೊನೆಗೆ ಡ್ರಮ್ಮು ತುಂಬಿತು. ಮಷಿನಿನ ಹಗ್ಗ ಹಿಡಿದು ಎಳೆದೆ. ಏಳಲಿಲ್ಲ. ಎಂಟು ಸಲ ಎಳೆದೆ. ಎದುರು ಕಟ್ಟೆಯ ಮೇಲೆ ಮೆಹಬೂಬ್ ಚಾಚಾ ಚಹಾ ಬಶಿಗೆ ಸುರಿದುಕೊಂಡು ನೋಡುತ್ತಿದ್ದರು.

"ಮಾಣಿಕಪ್ಪ, ಬಾವಿ ಸೇದ್ಲತ್ತೀ ಏನಪ್ಪ?"

"ಮಷಿನ್ ಸುರು ಮಾಡ್ಲತ್ತೇನಿ, ಚಾಚಾ."

"ಪೆಟ್ರೋಲಿನ ಕಾಕ್ ತೆರದೀ?"

ತೆರೆದಿರಲಿಲ್ಲ. ತೆರೆದೆ. ಒಂಬತ್ತನೆಯ ಎಳೆತಕ್ಕೆ ಮಷಿನ್ ಗುಡುಗಿತು. ಓಣಿಯ ನಾಯಿಗಳು ಗುರುದ್ವಾರದ ದಿಕ್ಕಿಗೆ ಓಡಿದವು. ಪಾರಿವಾಳಗಳು ಕೋಟೆಗೆ ವಾಪಸಾದವು. ಅಷ್ಟರಲ್ಲಿ ಜೈಶ್ರೀ ಮೇಲೆ ಬಂದು ಮಷಿನಿನ ಹೊಟ್ಟೆಗೆ ಅಂಟಿಸಿದ್ದ ಚೀಟಿಯನ್ನು ಓದುತ್ತಿದ್ದಳು. ಅವಳಿಗೆ ಅಕ್ಷರ ಕಂಡರೆ ಓದುವ ರೋಗ.

"ಮಾಮಾ, ಇಲ್ಲಿ ಚಿತ್ರ ಅದ ನೋಡ್ರಿ. ಕೆಂಪು ನಾಜಲ್ ಗ್ವಾಡಿಗಿ ಹೊಡ್ಯೋದಕ್ಕ ಕಾಟ್ ಹಾಕ್ಯಾರ. ಬಿಳೇದು ಹಚ್ರಿ ಅಂತ ಅದ."

"ಬಿಳೇದು ಬಂದಿಲ್ಲವ್ವ."

"ಯಾಕ ಬಂದಿಲ್ಲ?"

"ಬ್ಯಾಡಾಗಿತ್ತು."

"ಮತ್ತ ಇಲ್ಲಿ ಬೇಕು ಅಂತ ಬರ್ದಾರಲ್ರಿ, ಮಾಮಾ."

"ಬರಿಯೋರು ಏನರೇ ಬರೀತಾರ. ನೀ ಕೆಳಗ ಹೋಗಿ ಟಾಕಿ ಕಡಿ ನೋಡು, ನೀರು ಬಂದ್ರ ಕೂಗು."

ಗುಂಡಿ ಒತ್ತಿದೆ. ಕೊಳವೆ ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿತು. ನೀರು ಬರಲಿಲ್ಲ, ಸೂಜಿ ಬಂತು! ಪೊರಕೆ ಕಡ್ಡಿಯಷ್ಟು ಸಣ್ಣ ಧಾರೆ, ಬಿದ್ದಲ್ಲಿ ಹತ್ತು ವರ್ಷದ ಕೊಳೆ ಚಿಮ್ಮಿ ಬಿಳಿ ಗೆರೆ ಮೂಡುತ್ತಿತ್ತು. ಮೊದಲು ಖುಷಿಯಾಯಿತು. ಆಮೇಲೆ ತಿಳಿಯಿತು, ಒಂದು ಸಲಕ್ಕೆ ಒಂದು ಬೆರಳಗಲ ಮಾತ್ರ ತೊಳೆಯುತ್ತಿದೆ. ಆ ಮಾಳಿಗೆಯನ್ನು ಬೆರಳಗಲದಂತೆ ತೊಳೆಯುವುದೆಂದರೆ ಹೊಲವನ್ನು ಪೆನ್ನಿನಿಂದ ಉತ್ತಂತೆ. ಒಮ್ಮೆ ಧಾರೆ ನನ್ನ ಚಪ್ಪಲಿಗೆ ತಾಗಿತು. ಅಂಗುಷ್ಠದ ಪಟ್ಟಿ ಹಾರಿ ಚಾಚಾರ ಕಟ್ಟೆಯ ಹತ್ತಿರ ಬಿತ್ತು. ಅಂಗುಷ್ಠ ಉಳಿದದ್ದು ಹಿರಿಯರ ಪುಣ್ಯ.

"ಚಪ್ಪಲಿ ಕಳಸೀ ಏನು? ಜೋಡಿ ಪೂರಾ ಕಳ್ಸು" ಎಂದರು ಚಾಚಾ.

ಎರಡು ತಾಸು ಉತ್ತೆ. ಡ್ರಮ್ಮು ಖಾಲಿಯಾದಂತೆ ಮೋಟರ್ ಹಚ್ಚಿ ತುಂಬಿಸಿದೆ. ಕೆಳಗೆ ಕೂಗಿದೆ.

"ಜೈಶ್ರೀ, ನೀರು ವಾಪಸ್ ಬರ್ಲತ್ತದೇನ?"

"ಇಲ್ರಿ ಮಾಮಾ."

"ಸ್ವಲ್ಪ ತಡಿ, ಬರ್ತದ."

"ಮಾಮಾ, ಟಾಕಿ ತಳ ಕಾಣ್ಲತ್ತದ."

ಅಷ್ಟರಲ್ಲಿ ಮಷಿನಿನ ದನಿ ಬದಲಾಯಿತು. ನೀರು ಸಿಗದ ಮಷಿನ್ ಹಸಿದ ಕೂಸಿನಂತೆ ಕಿರುಚುತ್ತದೆ. ಆರಿಸಿದೆ. ಆ ನಿಶ್ಶಬ್ದದಲ್ಲಿ ಎರಡು ವಿಷಯ ಒಟ್ಟಿಗೆ ಗೊತ್ತಾದವು. ಒಂದು, ಪಾರಿವಾಳದ ಹಿಕ್ಕೆ, ಧೂಳು, ಸುಣ್ಣದ ಪುಡಿ ಕಲೆತು ಪೈಪಿನೊಳಗೆ ಇಳಿದು, ಸೀರೆಯ ನಾಲ್ಕು ಪದರದ ಮೇಲೆ ಕೂತು, ಪೈಪನ್ನು ಕಡಬಿನಂತೆ ತುಂಬಿಬಿಟ್ಟಿತ್ತು. ಎರಡು, ಪೈಪಿಗೆ ಇಳಿಯದ ನೀರು ಮಾಳಿಗೆಯ ಮೇಲೂ ಇರಲಿಲ್ಲ.

"ಮಾಮಾ" ಎಂದು ಕೆಳಗಿನಿಂದ ದನಿ ಬಂತು. "ನಡುಮನಿಯಾಗ ಮಳಿ ಬರ್ಲತ್ತದ."

ಡಬ್ಬಿಯ ತಗಡು. ಕೆಂಪು ನಾಜಲ್ ಅದರ ಅಂಚಿನ ಗಾರೆಯನ್ನು ಗೀರಿ ಗೀರಿ ತೆಗೆದಿತ್ತು. ಕೆಳಗೆ ಹೋಗಿ ನೋಡಿದರೆ ಮಣಿಕಟ್ಟಿನಷ್ಟು ತೂತಿನಿಂದ ಕಂದು ನೀರು ನಮ್ಮ ಹಾಸಿಗೆಗಳ ಮೇಲೆ ಸುರಿಯುತ್ತಿತ್ತು. ಯಾವ ತೂತು ತೋರಿಸಿ ನಾನು ಮನೆಯ ಬೆಲೆ ಇಳಿಸಿದ್ದೆನೋ ಅದೇ ತೂತು, ಇಷ್ಟು ವರ್ಷ ಕಾದು, ವಿಳಾಸ ಹುಡುಕಿಕೊಂಡು ವಾಪಸ್ ಬಂದಿತ್ತು.

ಸಂಜೆ ಸುನಂದಾ ಬಂದಳು. ಹಾಸಿಗೆ ನೋಡಿದಳು, ತೂತು ನೋಡಿದಳು, ಸೀರೆ ನೋಡಿದಳು. ಟಾಕಿಯ ಮುಚ್ಚಳ ಎತ್ತಿ ನೋಡಿ ಮೆಲ್ಲಗೆ ಮುಚ್ಚಿದಳು.

"ಇದ್ದ ನೀರು ತಗೊಂಡು ಹೋಗಿ ನೀರು ಬರೋ ಜಾಗ ತೊಳದೀರಿ" ಎಂದಳು.

"ಅದೇ ನೀರು ತಿರುಗಿ ಟಾಕಿಗಿ..."

"ಏನ್ರಿ, ನಾಡಿದ್ದು ಅಣ್ಣ ಬರ್ತಾನ. ಮಾತು ಕೇಳಾಂವಲ್ಲ, ಮುಚ್ಚಳ ತೆಗೆದು ನೋಡಾಂವ."

ಜೈಶ್ರೀ ಒಳಗೆ ಹೋಗಿ ತನ್ನ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದಳು. ಹತ್ತು ಜನರ ಮುಂದೆ ವ್ಯಾಪಾರದಲ್ಲಿ ಸೋತಾಗಲೂ ನನ್ನ ಮುಖ ಇಷ್ಟು ಇಳಿದಿರಲಿಲ್ಲ. ಆ ದಿನ ಚಾಚಾರ ಮನೆಯಿಂದ ತಂದ ಎರಡು ಕೊಡದಲ್ಲಿ ನಮ್ಮ ಅಡಿಗೆ, ಕುಡಿಯುವುದು, ಎಲ್ಲ. ಕೊಡ ಕೊಡುವಾಗ ಚಾಚಾ ನನ್ನ ಬರಿಗಾಲು ನೋಡಿದರು, ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದರೆ ಸಂಗತಿ ಗಂಭೀರ ಎಂದೇ ಅರ್ಥ.

ಶನಿವಾರ ಸುನಂದಾ ಅರ್ಧ ದಿನ ಸಾಲಿ ಮುಗಿಸಿ ಬಂದಳು. ನಾನು ಬೆಳಿಗ್ಗೆಯಿಂದ ಬಿದಿರ ಗಳ ಹಿಡಿದು ಪೈಪು ತಿವಿಯುತ್ತಿದ್ದೆ. ಬಿಸಿಲಿಗೆ ಒಣಗಿದ ಆ ಕೆಸರು ಸಿಮೆಂಟಿಗೆ ಪಾಠ ಹೇಳುವಷ್ಟು ಗಟ್ಟಿಯಾಗಿತ್ತು. ಮೂರು ಗಂಟೆಯ ಹೊತ್ತಿಗೆ ಗಾಳಿ ಬಿದ್ದಿತು. ಕಮಠಾಣದ ಕಡೆಯಿಂದ ಕಪ್ಪು ಮೋಡ ಎದ್ದಿತು. ಓಣಿಯ ಜನ ಹೊರಗೆ ಬಂದು ಮೇಲೆ ನೋಡಿದರು. ಆ ವರ್ಷಗಳಲ್ಲಿ ಮೋಡಕ್ಕೆ ದೃಷ್ಟಿ ತಾಗೀತೆಂದು ಜನ ಬೆರಳೂ ತೋರಿಸುತ್ತಿರಲಿಲ್ಲ.

ಮಳೆ ಬಿತ್ತು.

ಹನಿಯಾಗಿ ಅಲ್ಲ, ಸುರಿದೇ ಬಿಟ್ಟಿತು. ನಾವು ಮೂವರೂ ಟಾಕಿಯ ಹತ್ತಿರ ನಿಂತು ಪೈಪಿನ ಬಾಯಿ ನೋಡಿದೆವು. ಇಡೀ ಬೀದರು ನೆನೆಯುತ್ತಿತ್ತು, ನಮ್ಮ ಪೈಪು ಮಾತ್ರ ಒಣಗಿದ ನಾಲಿಗೆಯಂತೆ ನಿಂತಿತ್ತು. ಒಂದು ಹನಿ ಬಂತು. ಅದೂ ಹೊರಗಿನಿಂದ ಜಾರಿದ್ದು.

ಮಾಳಿಗೆಯ ಸುತ್ತ ಮೊಳಕಾಲೆತ್ತರದ ಗೋಡೆ. ಪೈಪು ಕಟ್ಟಿದ್ದರಿಂದ ನೀರು ಮೇಲೆ ಕೆರೆಯಂತೆ ನಿಂತಿತು. ಒಳಗೆ ದಡಾರನೆ ಸದ್ದಾಯಿತು. ಓಡಿದೆವು. ಡಬ್ಬಿಯ ತಗಡು ಪೂರ್ತಿ ಕಳಚಿ ಬಿದ್ದು, ಬೆಳಕಿಂಡಿಯಿಂದ ನೀರು ಕಂಬದಂತೆ ನಡುಮನೆಗೆ ಇಳಿಯುತ್ತಿತ್ತು. ಮೊದಲು ಸುಣ್ಣ ಕಲೆತ ನೀರು, ಆಮೇಲೆ ಕಂದು, ಆಮೇಲೆ ತಿಳಿ. ಗಾಜಿನಂಥ ತಿಳಿ.

ನಾನು ತಲೆಯ ಮೇಲೆ ಕೈಹೊತ್ತೆ. ಸುನಂದಾ ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದು ನೋಡಿದಳು.

"ಜೈಶ್ರೀ, ಕೊಡ ತಾ" ಎಂದಳು.

ಕೊಡ ಬಂತು. ಬಕೆಟ್ಟು ಬಂತು, ಪಾತೇಲಿ ಬಂತು, ರೊಟ್ಟಿ ಹಿಟ್ಟು ನಾದುವ ಪರಾತ ಬಂತು. ಒಂದು ತುಂಬುವುದರಲ್ಲಿ ಇನ್ನೊಂದು. ನಾನು ತುಂಬಿದ್ದನ್ನು ಹೊತ್ತು ಅಂಗಳದ ಟಾಕಿಗೆ ಸುರಿದು ಓಡಿ ಬರುತ್ತಿದ್ದೆ. ಹತ್ತು ಸಲಕ್ಕೆ ಏದುಸಿರು ಹತ್ತಿತು. ಚಾಚಾ ಛತ್ರಿ ಹಿಡಿದು ಬಾಗಿಲಿಗೆ ಬಂದು, ಮೇಲೆ ನೋಡಿ, ಕೆಳಗೆ ನೋಡಿ, ತಿರುಗಿ ಓಣಿಗೆ ಕೂಗಿದರು.

"ಏ, ಕೊಡ ತಗೊಂಡು ಬರ್ರಿ, ಜಲ್ದಿ! ಮಾಣಿಕಪ್ಪನ ಮನಿಯಾಗ ನಳ ಬಂದದ!"

ಮುಂದಿನ ಬುಧವಾರದ ಪಾಳಿಗೆ ಹಗ್ಗ ಕಟ್ಟಿಟ್ಟ ಕೊಡಗಳೆಲ್ಲ ಬಿಚ್ಚಿಕೊಂಡು ಬಂದವು. ನಡುಮನೆಯಿಂದ ಟಾಕಿಯವರೆಗೆ ಹೆಂಗಸರ ಸಾಲು. ನನ್ನೊಳಗಿನ ವ್ಯಾಪಾರಿ ಎಚ್ಚರಗೊಂಡ. ನಾಲ್ಕು ಕೊಡ ಟಾಕಿಗೆ ಸುರಿದವರಿಗೆ ಒಂದು ಕೊಡ ಎಂದು ಹೇಳಲು ಬಾಯಿ ತೆರೆದೆ.

"ಎರಡು ಟಾಕಿಗಿ, ಒಂದು ನಿಮ್ಮ ಮನಿಗಿ" ಎಂದಳು ಸುನಂದಾ ನನಗಿಂತ ಮೊದಲು. ನನ್ನ ಕಡೆ ತಿರುಗಿ, "ನೀವು ಬಾಯಿ ಮುಚ್ಚಿ ಪರಾತ ಹಿಡೀರಿ" ಎಂದಳು.

ಹಿಡಿದೆ.

ಒಂದೂವರೆ ತಾಸು. ಮಳೆ ನಿಂತ ಮೇಲೂ ಮಾಳಿಗೆಯ ಕೆರೆ ಅರ್ಧ ತಾಸು ಸುರಿಯಿತು. ನಮ್ಮ ಮನೆಯ ನೆಲ, ಗೋಡೆ, ಸುನಂದಾಳ ಹಾಜರಿ ಪುಸ್ತಕ, ನನ್ನ ಮರ್ಯಾದೆ ಎಲ್ಲ ತೊಯ್ದು ತೊಪ್ಪೆ. ಟಾಕಿ ಮಾತ್ರ ಅರ್ಧಕ್ಕಿಂತ ಮೇಲೆ. ಬೀದರಿನ ಎಲ್ಲರ ಮನೆಯ ಮೇಲೂ ಮಳೆ ಬಂದಿತ್ತು, ಮನೆಯೊಳಗೆ ಬಂದದ್ದು ನಮ್ಮೊಬ್ಬರಿಗೇ.

ಐತವಾರ ಬೆಳಿಗ್ಗೆ ಬಂಡೆಪ್ಪ ಸಂತಪುರದ ಬಸ್ಸಿಗೆ ಬಂದ. ಹೆಗಲಿಗೆ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ಕುರಿ ಹೋದರೂ ಕೋಲು ಬಿಟ್ಟಿರಲಿಲ್ಲ. ಒಳಗೆ ಬರದೆ ನೇರ ಟಾಕಿಗೆ ಹೋಗಿ ಮುಚ್ಚಳ ಸರಿಸಿದ. ಕೋಲನ್ನು ತಳಕ್ಕೆ ಇಳಿಸಿ ಎತ್ತಿದ. ಒದ್ದೆಯಾದಷ್ಟನ್ನು ಮೊಳದಿಂದ ಅಳೆದ. ಜೈಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮೂರು ಮೊಳ ಅದ" ಎಂದ. ಮತ್ತೊಮ್ಮೆ ಅಳೆದ. "ಮೂರರ ಮ್ಯಾಲ ಒಂದು ಗೇಣು."

ಒಳಗೆ ಬಂದು ರೊಟ್ಟಿ ಮುರಿಯುತ್ತ ಕೂತವನು ತಲೆಯೆತ್ತಿ ಮೇಲೆ ನೋಡಿದ. ಬೆಳಕಿಂಡಿಯಲ್ಲಿ ಕಾಣುವ ಆಕಾಶದ ನೇರಕ್ಕೆ ಕೂತಿದ್ದ.

"ಭಾವ, ನಿಮ್ಮ ಮನಿಯಾಗ ಆಭಾಳ ಕಾಣ್ತದಲ್ರಿ."

"ಹೌದ್ರಿ."

"ಬೇಕಂತ ಮಾಡ್ಸೀರಿ?"

ಹೌದು, ಹೊಸ ಪದ್ಧತಿ, ಎಂದು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಜೈಶ್ರೀ ಫಕ್ಕನೆ ನಕ್ಕಳು. ಸುನಂದಾ ನಕ್ಕಳು. ಬಂಡೆಪ್ಪ ಏನೂ ತಿಳಿಯದೆ ನಕ್ಕ. ಎರಡು ದಿನದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗೆ. ನನ್ನ ಖರ್ಚಿನಲ್ಲಿ ಎಂಬುದು ಬೇರೆ ಮಾತು.

ಹೊರಡುವಾಗ ಬಂಡೆಪ್ಪ ಮಗಳನ್ನು ಕರೆದುಕೊಂಡು ಹೋಗಲಿಲ್ಲ. ಕೋಲನ್ನೂ ಒಯ್ಯಲಿಲ್ಲ. "ಟಾಕಿ ಅಳಿಲಿಕ್ಕ ಇರ್ಲಿ. ಮುಂದ ಕುರಿ ಮಾಡಿದಾಗ ಒಯ್ತೇನಿ" ಎಂದು ಬಾಗಿಲ ಸಂದಿಗೆ ಇಟ್ಟು ಹೋದ. ಆ 'ಮುಂದ' ಎಂಬ ಮಾತು ಅವನ ಬಾಯಲ್ಲಿ ಕೇಳಿ ವರ್ಷವಾಗಿತ್ತು ಎಂದು ಸುನಂದಾ ಆಮೇಲೆ ಹೇಳಿದಳು.

ಸೋಮವಾರ ಜೈಶ್ರೀಯ ಹೆಸರು ಹಚ್ಚಿ ಬಂದೆ. ಆ ವಾರವೇ ಮೆಹಬೂಬ್ ಚಾಚಾ ಮಾಳಿಗೆ ಹತ್ತಿದರು. ತೂತಿನ ಅಂಚು ಕಟ್ಟಿ, ನನ್ನ ಅಂಗಡಿಯ ಒಂದು ಹಳೆಯ ದಪ್ಪ ಗಾಜು ಕೂರಿಸಿ, ಸುತ್ತ ಗಚ್ಚು ಬಡಿದರು. ಈಗ ಹಗಲು ಕರೆಂಟು ಹೋದರೂ ನಡುಮನೆಯಲ್ಲಿ ಚಾಪೆಯಗಲ ಬೆಳಕು ಬೀಳುತ್ತದೆ. ಜೈಶ್ರೀ ಅಲ್ಲಿ ಕೂತು ಓದುತ್ತಾಳೆ. ಬಿಸಿಲು ಸರಿದಂತೆ ಅವಳೂ ಸರಿಯುತ್ತಾಳೆ. ಚಾಚಾರಿಗೆ ಮಜೂರಿ ಎಷ್ಟು ಎಂದು ಕೇಳಿದೆ. ಹೇಳಿದರು. ಕೊಟ್ಟೆ. ನಾನು ಚೌಕಾಸಿ ಮಾಡದೆ ಕೊಟ್ಟ ಸುದ್ದಿ ಓಣಿಯಲ್ಲಿ ಎರಡು ದಿನ ಓಡಾಡಿತು. ಮೈ ಹುಷಾರಿಲ್ಲವೇ ಎಂದು ಇಬ್ಬರು ವಿಚಾರಿಸಿಕೊಂಡು ಹೋದರು.

ಮಳೆ ಇನ್ನೆರಡು ಸಲ ಬಂದಾಗ ಮಷಿನನ್ನು ಭಾಲ್ಕಿಗೆ ಒಯ್ದೆ. ಅಂಗಡಿ ಮತ್ತೆ ತೆರೆದಿತ್ತು. ಟ್ರ್ಯಾಕ್ಟರ್ ಒಂದು ಸೋಪಿನ ನೊರೆಯಲ್ಲಿ ನಿಂತಿತ್ತು. ವಾಪಸ್ ತಗೋತೀರೇನು ಎಂದು ಕೇಳಿದೆ. ಮಾಲೀಕ ಮಷಿನಿನ ಸುತ್ತ ಒಂದು ಸುತ್ತು ಬಂದು ಲೊಚಗುಟ್ಟಿದ. ಆ ಲೊಚಗುಟ್ಟುವಿಕೆ ನನಗೆ ಚೆನ್ನಾಗಿ ಪರಿಚಯ. ಅದು ನನ್ನದೇ.

"ನಾಜಲ್ ಒಂದೇ ಅದಲ್ರಿ. ಇನ್ನ ನಾಕು ಎಲ್ಲಿ ಅವ?"

"ನಿಮ್ಮ ಖಾನೆದಾಗೇ ಅವಲ್ರಿ."

"ಅವು ನಮ್ಮವಾದ್ವು. ನಿಮ್ಮ ಮಷಿನ್ ಸಂಗಟ ಒಂದೇ ಅದ. ನಾಕು ಕಮ್ಮಿ ಅವ, ಜಾಲರಿ ಇಲ್ಲ, ಕೊಳವಿ ಗಿಡ್ಡದ. ಎಂಟು ಸಾವಿರ ಆಗ್ತದ, ನೋಡ್ರಿ."

ಕೊಟ್ಟು ಬಂದೆ. ನಾನು ಎದ್ದ ಮೇಲೆ ಅವನು ಖಾನೆ ತೆರೆದು ನಾಲ್ಕು ನಾಜಲ್‌ಗಳನ್ನು ಮಷಿನಿಗೆ ಸಿಕ್ಕಿಸುವ ಸದ್ದು ಬಸ್ ನಿಲ್ದಾಣದವರೆಗೂ ಕೇಳಿಸಿದಂತಾಯಿತು. ಆ ದಿನ ಅವನ ನಗೆಯ ಅರ್ಥ ತಿಳಿಯಿತು.

ಆದ್ದರಿಂದ ಓದುಗರೇ, ಅನುಭವದಿಂದ ಹೇಳುತ್ತೇನೆ. ಇಂಥ ಮಷಿನ್ ಕೊಳ್ಳುವುದಾದರೆ ಐದೂ ನಾಜಲ್ ಕೇಳಿ ಪಡೆಯಿರಿ. ಮನೆಗೆ ಅಗಲವಾಗಿ ಚೆಲ್ಲುವ ಬಿಳಿಯದೇ ಸಾಕು, ಕೆಂಪನ್ನು ನಿಮಗಾಗದವರ ಮನೆಗೆ ಕೊಟ್ಟುಬಿಡಿ. ಕಾಲಿಗೆ ಬೂಟು ಹಾಕಿ. ಮೊದಲು ನೀರು ಹರಿಸಿ, ಆಮೇಲೆ ಎಂಜಿನ್ನಿನ ಹಗ್ಗ ಎಳೆಯಿರಿ, ನೀರಿಲ್ಲದೆ ಓಡಿಸಬೇಡಿ. ಗಚ್ಚಿನ ಮಾಳಿಗೆಗೆ ಇದನ್ನು ತೋರಿಸಲೂ ಬೇಡಿ. ಮಳೆನೀರಿನ ಪೈಪಿದ್ದರೆ ತೊಳೆಯುವಾಗ ಅದರ ಕೆಳಬಾಯಿ ಟಾಕಿಯಿಂದ ತಪ್ಪಿಸಿ ಹೊರಗೆ ಬಿಡಿ, ಹೆಂಡತಿಯ ಸೀರೆ ಮುಟ್ಟಬೇಡಿ. ಮಷಿನಿನ ಮೇಲೆ ಚೀಟಿ ಇದ್ದರೆ, ಮನೆಯಲ್ಲಿ ಓದುವ ಹುಡುಗಿ ಇದ್ದರೆ, ಓದಿಸಿ ಕೇಳಿ. ಯಾವುದಾದರೂ ವಸ್ತು ಬಹಳ ಅಗ್ಗಕ್ಕೆ ಸಿಗುತ್ತಿದ್ದರೆ ಯಾಕೆ ಮಾರುತ್ತಿದ್ದಾನೆ ಎಂದು ಕೇಳಿ. ಅವನು ಕೊಟ್ಟ ಉತ್ತರವನ್ನು ದಯವಿಟ್ಟು ಕೇಳಿಸಿಕೊಳ್ಳಿ.

ಮನೆಯಾಕೆ ಎರಡು ಪೊರಕೆ ಸಾಕು ಎಂದರೆ ಎರಡು ಪೊರಕೆಯನ್ನೇ ತನ್ನಿ. ಅದಕ್ಕೂ ಚೌಕಾಸಿ ಮಾಡಬೇಡಿ. ಈ ಸಲ ಮಳೆಗಾಲಕ್ಕೆ ಮೊದಲು ನಾನು ಮಾಡಿದೆ. ಪೊರಕೆಯವನು ಬೆಲೆ ಇಳಿಸಿದ, ಇಳಿಸಿ ಎರಡರಿಂದಲೂ ಒಂದೊಂದು ಹಿಡಿ ಕಡ್ಡಿ ಎಳೆದು ತನ್ನ ಚೀಲಕ್ಕೆ ಹಾಕಿಕೊಂಡ.